ಪರಸ್ಥಳದ ಕನ್ನಡ ಪಾಠ

ಮಾಲೂರು ತಾಲ್ಲೂಕಿನ ಶಿವಾರಪಟ್ಟಣದ ಬೀದಿಯಲ್ಲಿ ಬೆಳಗಿನ ಹೊತ್ತು ನಡೆದುಹೋಗುವವನಿಗೆ ಮೊದಲು ಕೇಳಿಸುವುದು ಉಳಿಯ ಸದ್ದು. ಒಂದು ಜಗಲಿಯ ಮೇಲೆ ಗಣಪತಿಯ ಸೊಂಡಿಲು ಆಗತಾನೆ ಕಲ್ಲಿನಿಂದ ಹೊರಕ್ಕೆ ಬರುತ್ತಿರುತ್ತದೆ. ಎದುರುಮನೆಯ ಚಪ್ಪರದಡಿಯಲ್ಲಿ ಮುಖವಿನ್ನೂ ಮೂಡದ ದೇವಿಯೊಬ್ಬಳು ಪ್ರಭಾವಳಿಯೊಡನೆ ನಿಂತಿರುತ್ತಾಳೆ. ಈ ಕಸುಬು ಗಂಗರಸರ ಕಾಲದಿಂದ ಬಂದುದೆಂದು ಊರಿನ ಹಿರಿಯರು ಹೇಳುವುದುಂಟು. ಎಂದಿನಿಂದ ಬಂದುದಾದರೂ ಸರಿಯೆ, ಇಲ್ಲಿಯ ವಿಗ್ರಹಗಳು ದೂರದೂರದ ದೇವಸ್ಥಾನಗಳಿಗೆ ಹೋಗಿ ಪ್ರತಿಷ್ಠಿತವಾಗಿವೆಯೆಂಬುದರಲ್ಲಿ ಸಂದೇಹವಿಲ್ಲ. ಇಂಥ ಊರಿನಲ್ಲಿ ಹುಟ್ಟಿ, ಉಳಿ ಹಿಡಿಯದೆ ಪುಸ್ತಕ ಹಿಡಿದು, ನೆರೆಯ ರಾಜ್ಯದ ಒಂದು ಪಟ್ಟಣದ ವಿಶ್ವವಿದ್ಯಾನಿಲಯದಲ್ಲಿ ಇಪ್ಪತ್ತೊಂಬತ್ತು ವರ್ಷ ಕನ್ನಡ ವಿಭಾಗವನ್ನು ನಡೆಯಿಸಿ, ವಿಶ್ರಾಂತರಾಗಿ ಹಿಂದಿರುಗಿದ ಮೇಷ್ಟರೊಬ್ಬರಿದ್ದಾರೆ. ಬೆಳಗಿನ ಕಾಫಿಯಾದ ಮೇಲೆ ಅವರು ಬಾಲ್ಯದ ನೆರೆಯವರಾದ ವೃದ್ಧ ಆಚಾರ್ಯರ ಜಗಲಿಗೆ ಬಂದು, ಕಲ್ಲಿನ ಚಕ್ಕೆ ಸಿಡಿಯದಷ್ಟು ದೂರದಲ್ಲಿ ಕುಳಿತುಕೊಳ್ಳುತ್ತಾರೆ.

ವಿಭಾಗವೆಂದರೆ ವಾಚಕರು ದೊಡ್ಡದೊಂದು ಕಟ್ಟಡವನ್ನು ಕಲ್ಪಿಸಿಕೊಳ್ಳಬಾರದು. ಒಂದು ಕೊಠಡಿ, ಎರಡು ಬೀರು, ಇಬ್ಬರು ಅಧ್ಯಾಪಕರು. ಆ ಇಬ್ಬರಲ್ಲಿ ಒಬ್ಬರು ಯಾವಾಗಲೂ ತಾತ್ಕಾಲಿಕ. ಹಳಗನ್ನಡ ಕಾವ್ಯ, ವ್ಯಾಕರಣ, ಛಂದಸ್ಸು, ಶಾಸನ, ಸಾಹಿತ್ಯ ಚರಿತ್ರೆ, ಇವಿಷ್ಟನ್ನೂ ಆ ಇಬ್ಬರೇ ಹಂಚಿಕೊಳ್ಳಬೇಕು. ಕನ್ನಡ ನಾಡಿನಲ್ಲಿ ಅಂಗಡಿಗೆ ಹೋಗಿ ಕೊಳ್ಳಬಹುದಾದ ಪುಸ್ತಕಕ್ಕೆ ಅಲ್ಲಿ ಮೂರು ದರಗಳ ಪತ್ರ ತರಿಸಿ, ಅನುಮತಿ ಪಡೆದು, ಹುಂಡಿ ಕಳುಹಿಸಬೇಕು. ಪುಸ್ತಕ ಬರುವ ಹೊತ್ತಿಗೆ ಅದನ್ನು ಓದಬೇಕಾದ ಹುಡುಗನು ತೇರ್ಗಡೆಯಾಗಿ ಹೋಗಿರುತ್ತಾನೆ. ಪರೀಕ್ಷೆ ಹತ್ತಿರ ಬಂದರೆ ಪ್ರಶ್ನೆಪತ್ರಿಕೆಯನ್ನು ಅಚ್ಚು ಮಾಡಬಲ್ಲವರು ಆ ಪಟ್ಟಣದಲ್ಲಿಲ್ಲ. ಮೇಷ್ಟರು ಮೊದಲ ಹನ್ನೆರಡು ವರ್ಷ ತಮ್ಮ ಕೈಯಿಂದಲೇ ಬರೆದು ಪ್ರತಿ ತೆಗೆಸಿದರು. ಅವರ ಅಕ್ಷರ ದುಂಡಾಗಿರುವುದಕ್ಕೆ ಇದೇ ಕಾರಣವೆಂದು ಅವರ ಶಿಷ್ಯರು ಹಾಸ್ಯ ಮಾಡುವುದುಂಟು.

ಶಿಷ್ಯರೆಂದರೆ ಎಷ್ಟು ಮಂದಿ? ಬಹಳ ಒಳ್ಳೆಯ ವರ್ಷದಲ್ಲಿ ಹನ್ನೊಂದು. ಕೆಟ್ಟ ವರ್ಷದಲ್ಲಿ ಇಬ್ಬರು. ಹೊಸೂರು, ತಾಳವಾಡಿ, ಮಡಕಶಿರಗಳ ಕಡೆಯ ಗಡಿಯೂರುಗಳಿಂದ ಬಂದವರು, ಉಡುಪಿ ಹೋಟೆಲಿನವರ ಮಕ್ಕಳು, ಬೇರೆಲ್ಲಿಯೂ ಸ್ಥಳ ದೊರೆಯದೆ ಬಂದವರು. ಹಾಗೆ ಬಂದ ಈ ಕೊನೆಯ ಗುಂಪಿನಲ್ಲಿಯೇ ಒಳ್ಳೆಯ ವಿದ್ಯಾರ್ಥಿಗಳಿದ್ದರೆಂದು ಮೇಷ್ಟರ ಅಭಿಪ್ರಾಯ. ಪ್ರತಿ ವರ್ಷ ಮಾರ್ಚಿ ತಿಂಗಳಲ್ಲಿ ಕಾರ್ಯಾಲಯದಿಂದ ಒಂದು ಕಾಗದ ಬರುವುದು: ವಿಭಾಗದಲ್ಲಿ ವಿದ್ಯಾರ್ಥಿಗಳೆಷ್ಟು, ಒಬ್ಬೊಬ್ಬರಿಗೆ ತಗಲುವ ವೆಚ್ಚವೆಷ್ಟು, ಮುಂದುವರಿಸುವುದಕ್ಕೆ ಕಾರಣವೇನು? ಮೂರನೆಯ ಪ್ರಶ್ನೆಗೆ ಮೇಷ್ಟರು ಇಪ್ಪತ್ತೊಂಬತ್ತು ಉತ್ತರಗಳನ್ನು ಬರೆದರು. ಒಂದನ್ನೂ ಎರಡನೆಯ ಸಲ ಬಳಸಲಿಲ್ಲವೆಂಬುದು ಅವರಿಗೆ ಒಂದು ಸಣ್ಣ ಹೆಮ್ಮೆ.

ಉತ್ತರಗಳಿಗಾಗಿ ಸಾಮಗ್ರಿಯನ್ನು ಹುಡುಕುತ್ತ ಅವರು ಒಮ್ಮೆ ಕೆಲ್ಟಿಕ್ ಭಾಷೆಗಳ ಕಥೆಗೆ ಬಂದು ಮುಟ್ಟಿದರು. ಐರಿಷ್, ವೆಲ್ಷ್, ಸ್ಕಾಟ್ಲೆಂಡಿನ ಗೇಲಿಕ್, ಬ್ರಿಟನಿಯ ಬ್ರೆಟನ್, ಮ್ಯಾನ್ ದ್ವೀಪದ ಮ್ಯಾಂಕ್ಸ್, ಕಾರ್ನ್‌ವಾಲಿನ ಕಾರ್ನಿಷ್, ಇವು ಆ ಕುಟುಂಬದ ಮಕ್ಕಳು. ಇವುಗಳ ವ್ಯಾಕರಣವನ್ನು ಮೊದಲು ಶಾಸ್ತ್ರೀಯವಾಗಿ ಕಟ್ಟಿದವನು ಐರ್ಲೆಂಡಿನವನಲ್ಲ, ವೇಲ್ಸಿನವನೂ ಅಲ್ಲ. ಬವೇರಿಯದ ಉಪಾಧ್ಯಾಯ ಯೋಹಾನ್ ಕಾಸ್ಪರ್ ಝಾಯ್ಸ್. ಪೂರ್ವಕಾಲದ ಐರಿಷ್ ಸಂನ್ಯಾಸಿಗಳು ಲ್ಯಾಟಿನ್ ಗ್ರಂಥಗಳ ಸಾಲುಗಳ ನಡುವೆಯೂ ಅಂಚಿನಲ್ಲಿಯೂ ತಮ್ಮ ನುಡಿಯಲ್ಲಿ ಬರೆದಿಟ್ಟ ಟಿಪ್ಪಣಿಗಳು ವುರ್ಟ್ಸ್‌ಬುರ್ಗ್, ಸೇಂಟ್ ಗಾಲ್, ಮಿಲಾನ್ ಊರುಗಳ ಭಂಡಾರಗಳಲ್ಲಿ ಉಳಿದಿದ್ದುವು. ಅವುಗಳನ್ನು ಆಧಾರ ಮಾಡಿಕೊಂಡು ಆತನು 1853ರಲ್ಲಿ ತನ್ನ ಗ್ರಂಥವನ್ನು ಲ್ಯಾಟಿನ್ನಿನಲ್ಲಿ ಪ್ರಕಟಿಸಿದನು. ಮೂರು ವರ್ಷಗಳ ತರುವಾಯ, 1856ರಲ್ಲಿ, ಕಾಲ್ಡ್‌ವೆಲ್ಲರು ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು ಹೊರತಂದರು. ಪರದೇಶದವರು ಬಂದು ನಮ್ಮ ಮನೆಯ ಬೀಗ ತೆಗೆದರೆಂಬ ಸಂಕೋಚ ನಮಗೊಬ್ಬರಿಗೇ ಮೀಸಲಾದುದಲ್ಲವೆಂದು ತಿಳಿದು ಮೇಷ್ಟರಿಗೆ ಸ್ವಲ್ಪ ಸಮಾಧಾನವಾಯಿತು.

ಪೀಠಗಳ ಕಥೆ ಇನ್ನೂ ಸ್ವಾರಸ್ಯವಾದುದು. ಆಕ್ಸ್‌ಫರ್ಡಿನಲ್ಲಿ ಕೆಲ್ಟಿಕ್ ಪೀಠ ಬೇಕೆಂದು 1860ರ ದಶಕದಲ್ಲಿ ಉಪನ್ಯಾಸಗಳ ಮೂಲಕ ಗಟ್ಟಿಯಾಗಿ ಕೇಳಿದವನು ಕವಿಯೂ ವಿಮರ್ಶಕನೂ ಆದ ಮ್ಯಾಥ್ಯೂ ಆರ್ನಲ್ಡ್. ಆದರೆ ವೇಲ್ಸಿನ ಜನರು ನಿತ್ಯವ್ಯವಹಾರದಲ್ಲಿ ತಮ್ಮ ನುಡಿಯನ್ನು ಎಷ್ಟು ಬೇಗ ಬಿಟ್ಟರೆ ಅಷ್ಟು ಒಳ್ಳೆಯದೆಂಬುದೂ ಆ ಮಹಾಶಯನ ಅಭಿಪ್ರಾಯವೇ ಆಗಿತ್ತು. ಭಾಷೆ ಪೀಠದ ಮೇಲೆ ಕುಳಿತುಕೊಳ್ಳಲಿ, ಅಡುಗೆಮನೆಯಿಂದ ಮಾತ್ರ ಹೊರಟುಹೋಗಲಿ! 1877ರಲ್ಲಿ ಆ ಪೀಠ ಸ್ಥಾಪಿತವಾದಾಗ ಅದಕ್ಕೆ ಬಂದವರು ವೇಲ್ಸಿನವರೇ ಆದ ಜಾನ್ ರೀಸ್. ಎಡಿನ್‌ಬರೋದಲ್ಲಿ ಗ್ರೀಕ್ ಪ್ರಾಧ್ಯಾಪಕರಾಗಿದ್ದ ಬ್ಲಾಕಿಯವರು ವರ್ಷಗಟ್ಟಲೆ ಊರೂರು ತಿರುಗಿ ಹಣ ಕೂಡಿಸಿದುದರ ಫಲವಾಗಿ 1882ರಲ್ಲಿ ಅಲ್ಲಿಯೂ ಒಂದು ಪೀಠವಾಯಿತು. ಅಮೆರಿಕದ ಹಾರ್ವರ್ಡಿನಲ್ಲಿ ಇಂಗ್ಲಿಷ್ ಅಧ್ಯಾಪಕರಾದ ರಾಬಿನ್‌ಸನ್ನರು 1896ರಲ್ಲಿ ಐರಿಷ್ ಪಾಠವನ್ನು ಆರಂಭಿಸಿದರು. ಸ್ವತಂತ್ರ ವಿಭಾಗವಾಗುವುದಕ್ಕೆ 1940ರ ವರೆಗೆ ಕಾಯಬೇಕಾಯಿತು. ಇಂಗ್ಲಿಷ್ ಪ್ರಾಧ್ಯಾಪಕರೊಬ್ಬರು ಇನ್ನೊಂದು ನುಡಿಗೆ ಹೆಗಲು ಕೊಡುವುದೆಂದರೆ ಕನ್ನಡಿಗರಿಗೆ ಬಿ. ಎಂ. ಶ್ರೀಕಂಠಯ್ಯನವರ ನೆನಪು ಬಾರದಿರುವುದಿಲ್ಲ.

ಇಲ್ಲಿಗೆ ಬಂದಾಗ ಮೇಷ್ಟರ ಧ್ವನಿ ಬದಲಾಗುತ್ತದೆ. ಮೈಸೂರು ವಿಶ್ವವಿದ್ಯಾನಿಲಯ 1916ರಲ್ಲಿ ಹುಟ್ಟಿದರೂ ಅಲ್ಲಿ ಕನ್ನಡ ಎಂ.ಎ. ತರಗತಿ ತೆರೆದುದು 1927ರಲ್ಲಿ. ಕನ್ನಡದ ರಾಜ್ಯದಲ್ಲಿ ಕನ್ನಡಕ್ಕೆ ಹನ್ನೊಂದು ವರ್ಷದ ಉಮೇದುವಾರಿ! ಟಿ. ಎಸ್. ವೆಂಕಣ್ಣಯ್ಯನವರಂಥ ಅಧ್ಯಾಪಕರು ದೊರೆತುದು ಆ ತರಗತಿಯ ಭಾಗ್ಯ. ಆದರೆ ಅವರೂ ಅವರ ಸಂಗಡಿಗರೂ ಕೊಠಡಿಯೊಳಗೆ ಮಾತ್ರ ಕುಳಿತಿರಲಿಲ್ಲವೆಂಬುದು ಮೇಷ್ಟರು ಎತ್ತಿ ಹೇಳುವ ಮಾತು. ಪ್ರಚಾರೋಪನ್ಯಾಸಗಳೆಂದು ಊರುಗಳಿಗೆ ಹೋಗಿ ತಿಳಿಗನ್ನಡದಲ್ಲಿ ಮಾತನಾಡುವುದೂ, ಆಡಿದುದನ್ನು ಅಗ್ಗದ ಕಿರುಹೊತ್ತಗೆಗಳಾಗಿ ಹೊರಡಿಸುವುದೂ ಆ ವಿಶ್ವವಿದ್ಯಾನಿಲಯದ ಕೆಲಸವೇ ಆಯಿತು. ಹೊರನಾಡಿನ ವಿಭಾಗಗಳನ್ನೂ ಅವರು ಕಡೆಗಣಿಸುವುದಿಲ್ಲ. ಬಾಸೆಲ್ ಮಿಶನ್ನಿನ ಕಿಟ್ಟೆಲರು 1894ರಲ್ಲಿ ಹೊರಡಿಸಿದ ನಿಘಂಟನ್ನು ಪರಿಷ್ಕರಿಸಿ ನಾಲ್ಕು ಸಂಪುಟಗಳಲ್ಲಿ 1968ರಿಂದ ಮುಂದಕ್ಕೆ ಕೊಟ್ಟವರು ಮದರಾಸು ವಿಶ್ವವಿದ್ಯಾನಿಲಯದ ಮರಿಯಪ್ಪ ಭಟ್ಟರಲ್ಲವೆ? ಕಾರ್ಯಾಲಯದ ಕಾಗದಕ್ಕೆ ಇದು ಎಂಟನೆಯ ವರ್ಷದ ಉತ್ತರವಾಗಿತ್ತು.

ಇಷ್ಟೆಲ್ಲ ತಿಳಿದವರು ತಾವು ಮಾಡಿದುದೇನು? ಅದನ್ನು ಮೇಷ್ಟರು ಒಂದು ದಿನ ಆಚಾರ್ಯರಿಗೆ ಹೇಳಿದರು. ಕೆಲಸಕ್ಕೆ ಸೇರಿದ ಆರನೆಯ ವರ್ಷ ಆ ಪಟ್ಟಣದ ಹೋಟೆಲುಗಳವರೂ ನೂಲಿನ ಗಿರಣಿಯ ಕೆಲವರು ಕನ್ನಡಿಗರೂ ಕೂಡಿ ವಿಭಾಗಕ್ಕೆ ಬಂದಿದ್ದರು. ಮಕ್ಕಳು ಮನೆಯಲ್ಲಿ ಕನ್ನಡ ಆಡುತ್ತಾರೆ, ಓದಲು ಬಾರದು. ಭಾನುವಾರ ಎರಡು ಗಂಟೆ ಅಕ್ಷರ ಹೇಳಿಕೊಡಬಹುದೆ ಎಂದು ಕೇಳಿದರು. ಅವರಲ್ಲೊಬ್ಬ ಮುದುಕರು ಒಂದು ಪೊಟ್ಟಣದಲ್ಲಿ ಬಾಳೆಯ ಹಣ್ಣನ್ನೂ ತಂದಿದ್ದರು. ಮೇಷ್ಟರಿಗೆ ಆಗ ಮೂವತ್ತಾರು ವಯಸ್ಸು. ಒಂದು ಹಳಗನ್ನಡ ಕಾವ್ಯದ ಪಾಠಾಂತರಗಳಲ್ಲಿ ಮುಳುಗಿದ್ದ ಕಾಲ. ಅಕ್ಷರಾಭ್ಯಾಸ ವಿಶ್ವವಿದ್ಯಾನಿಲಯದ ಕೆಲಸವಲ್ಲವೆಂದು ವಿನಯವಾಗಿಯೇ ಹೇಳಿ ಕಳುಹಿಸಿದರು. ಪಾಠಾಂತರಗಳ ಲೇಖನ ಅಚ್ಚಾಯಿತು. ಅದನ್ನು ಓದಿದವರು ಕೈಬೆರಳಿನಲ್ಲಿ ಎಣಿಸುವಷ್ಟು. ಹದಿನೈದು ವರ್ಷ ಕಳೆದ ಮೇಲೆ, ಎಂ.ಎ.ಗೆ ಬರಬೇಕಾಗಿದ್ದ ವಯಸ್ಸಿನ ಹುಡುಗರು ಆ ಹೋಟೆಲುಗಳಲ್ಲಿಯೂ ಆ ಗಿರಣಿಯ ಮನೆಗಳಲ್ಲಿಯೂ ಇದ್ದರು. ಕನ್ನಡ ಓದಬಲ್ಲವರು ಅವರಲ್ಲಿ ಒಬ್ಬರೂ ಇರಲಿಲ್ಲ.

“ಆಗ ಮಾರ್ಚಿಯ ಕಾಗದಕ್ಕೆ ಏನು ಬರೆದಿರಿ ಮೇಷ್ಟ್ರೇ?” ಎಂದು ಆಚಾರ್ಯರು ಕೇಳಿದರು.

“ಕನ್ನಡಕ್ಕೆ ಎರಡು ಸಾವಿರ ವರ್ಷದ ಚರಿತ್ರೆಯುಂಟು ಎಂದು ಬರೆದೆ ಆಚಾರ್ರೇ.”

ಆಚಾರ್ಯರು ನಗಲಿಲ್ಲ. ಉಳಿಯ ಮೊನೆಯನ್ನು ಬೆರಳಿನಿಂದ ಮುಟ್ಟಿ ನೋಡಿ ಇನ್ನೊಂದನ್ನು ತೆಗೆದುಕೊಂಡರು.

ಕನ್ನಡ ಮ್ಯಾಂಕ್ಸ್ ಭಾಷೆಯಲ್ಲ. 2011ರ ಜನಗಣತಿಯಲ್ಲಿ ಅದನ್ನು ತಾಯ್ನುಡಿಯೆಂದು ಬರೆಯಿಸಿದವರು 4 ಕೋಟಿ 37 ಲಕ್ಷ ಮಂದಿ. ಅದು ಅಳಿದುಹೋಗುವುದೆಂದು ಹೆದರಿಸುವುದು ಮೇಷ್ಟರಿಗೆ ಸೇರದು. ಆದರೆ ಒಂದು ಬೀದಿಯಲ್ಲಿ, ಒಂದು ಮನೆಯಲ್ಲಿ, ಭಾಷೆ ಸಾಯುವುದಕ್ಕೆ ಕೋಟಿಯ ಲೆಕ್ಕ ಅಡ್ಡಬರುವುದಿಲ್ಲವೆಂಬುದನ್ನು ಅವರು ಕಣ್ಣಾರೆ ಕಂಡಿದ್ದಾರೆ. ಮ್ಯಾನ್ ದ್ವೀಪದಲ್ಲಿ ಆ ನುಡಿಯನ್ನು ತೊಟ್ಟಿಲಿನಿಂದ ಆಡಿ ಬೆಳೆದವರಲ್ಲಿ ಕೊನೆಯವನಾದ ನೆಡ್ ಮ್ಯಾಡ್ರೆಲ್ ಎಂಬ ಬೆಸ್ತನು 1974ರಲ್ಲಿ ತೀರಿಕೊಂಡನು. ಅದಕ್ಕೆ ಮೊದಲೇ, 1948ರಲ್ಲಿ, ಐರ್ಲೆಂಡಿನ ಜಾನಪದ ಆಯೋಗದವರು ಯಂತ್ರವನ್ನು ಹೊತ್ತು ಆ ದ್ವೀಪಕ್ಕೆ ಹೋಗಿ ಅವನ ಮಾತನ್ನೂ ಅವನಂಥ ಇತರ ಮುದುಕರ ಮಾತನ್ನೂ ಹಿಡಿದಿಟ್ಟಿದ್ದರು. ಮುಂದೆ ಉತ್ಸಾಹಿಗಳಾದ ಕೆಲವರು ಕಲಿತರು. 2001ರಲ್ಲಿ ಮಕ್ಕಳಿಗೆ ಆ ನುಡಿಯಲ್ಲಿಯೇ ಪಾಠ ಹೇಳುವ ಒಂದು ಶಾಲೆ ತೆರೆಯಿತು. 2009ರಲ್ಲಿ ಯುನೆಸ್ಕೋ ಸಂಸ್ಥೆಯವರು ಮ್ಯಾಂಕ್ಸ್ ಅಳಿದುಹೋದ ಭಾಷೆಯೆಂದು ಸಾರಿದಾಗ ಆ ಶಾಲೆಯ ಮಕ್ಕಳು ಅದೇ ಭಾಷೆಯಲ್ಲಿ ಕಾಗದ ಬರೆದು, ಹಾಗಾದರೆ ನಾವು ಯಾವ ಭಾಷೆಯಲ್ಲಿ ಬರೆಯುತ್ತಿದ್ದೇವೆ ಎಂದು ಕೇಳಿದರು. ಸಂಸ್ಥೆಯವರು ತಮ್ಮ ಮಾತನ್ನು ತಿದ್ದಿಕೊಂಡರು. ಈ ಪ್ರಸಂಗವನ್ನು ಹೇಳುವಾಗಲೆಲ್ಲ ಮೇಷ್ಟರು ಒಂದು ಕ್ಷಣ ನಿಲ್ಲುತ್ತಾರೆ; ಬಾಳೆಯ ಹಣ್ಣಿನ ಪೊಟ್ಟಣ ನೆನಪಾಗುತ್ತದೆಯೋ ಏನೋ.

ಆ ತಪ್ಪು ಅರಿವಾದ ಮೇಲೆ ಅವರು ಸುಮ್ಮನೆ ಕೂಡಲಿಲ್ಲ. ಸಂಜೆಯ ತರಗತಿಯನ್ನು ತೆರೆದರು. ರೈಲ್ವೆಯವರು, ದಾದಿಯರು, ಬ್ಯಾಂಕಿನವರು, ಬೆಂಗಳೂರಿಗೆ ಕೆಲಸಕ್ಕೆ ಹೋಗಲಿರುವ ಹುಡುಗರು ಬಂದರು, ಕನ್ನಡಿಗರು ಕಡಿಮೆ. ಪದವಿಯ ಪಾಠಕ್ರಮದಲ್ಲಿ ಸಂಸ್ಕೃತಿಯೆಂದು ಒಂದು ಪತ್ರಿಕೆಯನ್ನು ಸೇರಿಸಿ, ಅದರ ಮೊದಲನೆಯ ಉಪನ್ಯಾಸಕ್ಕೆ ಶಿವಾರಪಟ್ಟಣದ ಈ ಆಚಾರ್ಯರನ್ನೇ ಕರೆಯಿಸಿದರು. ಕಾರ್ಯಾಲಯದವರು ಆಚಾರ್ಯರ ಪದವಿ ಯಾವುದೆಂದು ಕೇಳಿದರು. ಇಲ್ಲವೆಂದಮೇಲೆ ಗೌರವಧನವೂ ಇಲ್ಲ. ಆಚಾರ್ಯರು ಜೊತೆಯಲ್ಲಿ ಮೂರು ಕಲ್ಲಿನ ತುಂಡುಗಳನ್ನು ತಂದಿದ್ದರು. ಅವುಗಳ ಸಾಗಣೆಯ ವೆಚ್ಚವೂ ಮೇಷ್ಟರ ಜೇಬಿನಿಂದಲೇ ಹೋಯಿತು. ಆ ರಸೀದಿ ಅವರಲ್ಲಿ ಇಂದಿಗೂ ಉಂಟು.

ಉಪನ್ಯಾಸವೆಂದರೆ ಅದೊಂದು ಉಪನ್ಯಾಸ. ಆಚಾರ್ಯರು ಕುರ್ಚಿಯನ್ನು ಒಲ್ಲದೆ ನೆಲದಲ್ಲಿ ಕುಳಿತು, ಕಲ್ಲುಗಳನ್ನು ಸಾಲಾಗಿಟ್ಟು, ಸುತ್ತಿಗೆಯಿಂದ ಒಂದೊಂದನ್ನೂ ಮೆಲ್ಲಗೆ ತಟ್ಟಿದರು. ಗಂಟೆಯಂತೆ ತುಂಬಿ ಮೊಳಗುವುದು ಗಂಡುಶಿಲೆ, ದೇವರ ಮೂರ್ತಿಗೆ ತಕ್ಕುದು. ತಾಳದಂತೆ ನಯವಾಗಿ ನುಡಿಯುವುದು ಹೆಣ್ಣುಶಿಲೆ, ದೇವಿಗೆ. ಸದ್ದೇ ಏಳದುದು ನಪುಂಸಕ, ಅದನ್ನು ಮೂರ್ತಿಗೆ ತೆಗೆದುಕೊಳ್ಳುವುದಿಲ್ಲ. ಮುಖದ ಉದ್ದವನ್ನು ತಾಳವೆಂದು ಹಿಡಿದು ಅಂಗಾಂಗಗಳ ಅಳತೆಯನ್ನು ಹಂಚುವುದು ಹೇಗೆ, ಎಲ್ಲ ಮುಗಿದ ಮೇಲೆ ಕಡೆಯಲ್ಲಿ ಕಣ್ಣು ತೆರೆಯುವುದು ಏಕೆ ಎಂಬುದನ್ನೂ ಹೇಳಿದರು. ಅವರು ಹೇಳಿದ ಧ್ಯಾನಶ್ಲೋಕದಲ್ಲಿ ಎರಡು ಕಡೆ ವಿಭಕ್ತಿ ತಪ್ಪಿತ್ತು. ಮೇಷ್ಟರು ಬಾಯಿ ತೆರೆದವರು ಮತ್ತೆ ಮುಚ್ಚಿಕೊಂಡರು. ಶ್ಲೋಕದಲ್ಲಿ ತಪ್ಪಿದುದು ಆಚಾರ್ಯರ ಕೈಯಲ್ಲಿ ಎಂದೂ ತಪ್ಪಿರಲಿಲ್ಲ. ಆ ವರ್ಷ ತರಗತಿಯಲ್ಲಿ ಇದ್ದವರು ನಾಲ್ವರು. ಕೇಳಲು ಬಂದವರು ನೆಲದಲ್ಲಿ ಸ್ಥಳ ಸಾಲದಷ್ಟು.

ಪಾಠಕ್ರಮದಿಂದಲೇ ಸಾಹಿತ್ಯ ಬೆಳೆಯುವುದೆಂಬ ಭ್ರಮೆ ಮಾತ್ರ ಮೇಷ್ಟರಿಗಿಲ್ಲ. ಕೋಲಾರ ಸೀಮೆಯವರಿಗೆ ಅಂಥ ಭ್ರಮೆ ಇರುವುದೂ ಕಷ್ಟ. ಇದೇ ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಅಮಲ್ದಾರಿಕೆಯ ಮೊದಲಾದ ಸರ್ಕಾರಿ ಕೆಲಸಗಳ ನಡುವೆ ಕಥೆ ಬರೆದರು, ಮುಳಬಾಗಿಲಿನ ಡಿ. ವಿ. ಗುಂಡಪ್ಪನವರಿಗೆ ಮೆಟ್ರಿಕ್ಯುಲೇಷನ್ನೇ ದಾಟಲಿಲ್ಲ. ವಿಭಾಗ ಕವಿಯನ್ನು ಹುಟ್ಟಿಸುವುದಿಲ್ಲ. ಕವಿಯನ್ನು ಓದಬಲ್ಲವರನ್ನು ಹುಟ್ಟಿಸಿದರೆ ಸಾಕು, ಅದೂ ಎಲ್ಲ ವರ್ಷವೂ ಆಗುವುದಿಲ್ಲ ಎಂದು ಅವರು ಹೇಳುತ್ತಾರೆ.

ಅವರು ವಿಶ್ರಾಂತರಾದಾಗ ಅವರ ಸ್ಥಾನಕ್ಕೆ ಯಾರನ್ನೂ ನೇಮಿಸಲಿಲ್ಲ. ತಾತ್ಕಾಲಿಕ ಅಧ್ಯಾಪಕರು ಒಂದು ವರ್ಷ ನಡೆಯಿಸಿದರು. ಅನಂತರ ಕೊಠಡಿಯನ್ನು ಬೇರೆ ವಿಭಾಗಕ್ಕೆ ಕೊಟ್ಟು, ಬೀರುಗಳನ್ನು ಗ್ರಂಥಾಲಯದ ನೆಲಮಾಳಿಗೆಗೆ ಸಾಗಿಸಿದರು. ಮೇಷ್ಟರು ಒಂದು ಸಲ ಹೋಗಿ ನೋಡಿ ಬಂದರು. ಪುಸ್ತಕಗಳಿಗೆ ಗೆದ್ದಲು ಹತ್ತಿರಲಿಲ್ಲವೆಂಬುದನ್ನು ಬಿಟ್ಟು ಬೇರೇನನ್ನೂ ಅವರು ಯಾರಿಗೂ ಹೇಳಲಿಲ್ಲ.

ಆಚಾರ್ಯರ ಮನೆಯ ಕಥೆಯೂ ಬಹಳ ಬೇರೆಯಲ್ಲ. ಮೊಮ್ಮಗನು ನರಸಾಪುರದ ಕಾರ್ಖಾನೆಯಲ್ಲಿ ಪಾಳಿಯ ಕೆಲಸಕ್ಕೆ ಸೇರಿದ್ದಾನೆ. ತಿಂಗಳಿಗೆ ತಪ್ಪದೆ ಸಂಬಳ, ಕಣ್ಣಿಗೆ ಕಲ್ಲಿನ ಪುಡಿ ಬೀಳದ ಕೆಲಸ. ಅವನನ್ನು ಯಾರು ಬಯ್ಯಬಲ್ಲರು? ಆಚಾರ್ಯರ ತಂದೆಯವರು ಹೊರಗಿನವರಿಗೆ ಕಸುಬು ಹೇಳಿಕೊಟ್ಟವರಲ್ಲ. ಇವರು ಈಗ ಬೇರೆ ಕುಲದ, ಬೇರೆ ಊರಿನ ಇಬ್ಬರು ಹುಡುಗರನ್ನು ಜಗಲಿಯಲ್ಲಿ ಕೂಡಿಸಿಕೊಂಡಿದ್ದಾರೆ. ಒಬ್ಬನ ಮನೆಮಾತು ತೆಲುಗು. ಅವನು ಬೈಗಳನ್ನು ಮೊದಲು ಕಲಿತು ಕನ್ನಡವನ್ನು ಆಮೇಲೆ ಕಲಿತನೆಂದು ಆಚಾರ್ಯರ ದೂರು.

ಕಳೆದ ಕಾರ್ತಿಕದಲ್ಲಿ ಮೇಷ್ಟರನ್ನು ಕಾಣಲು ಒಬ್ಬ ಹೆಂಗಸು ಬಂದಳು. ಸಂಜೆಯ ತರಗತಿಯಲ್ಲಿ ಕಲಿತವಳು; ಆಗ ದಾದಿ, ಈಗಲೂ ದಾದಿಯೆ. ತಾಯ್ನುಡಿ ಕನ್ನಡವಲ್ಲ. ರಜೆಯಲ್ಲಿ ಊರೂರಿಗೆ ಹೋಗಿ ಕಸುಬಿನವರ ಮಾತುಗಳನ್ನು ಒಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಾಳಂತೆ. ಯಾರು ಹೇಳಿದ್ದೂ ಅಲ್ಲ, ಯಾವ ಪದವಿಗೂ ಅಲ್ಲ. ಮೇಷ್ಟರು ಅವಳನ್ನು ಆಚಾರ್ಯರ ಜಗಲಿಗೆ ಕರೆದುಕೊಂಡು ಹೋದರು. ಅವಳು ಉಳಿಗಳ ಹೆಸರನ್ನು ಒಂದೊಂದಾಗಿ ಕೇಳಿ ಬರೆದುಕೊಂಡಳು. ಒಂದು ಪದದ ಲಕಾರ ಯಾವುದೆಂದು ಸಂದೇಹ ಬಂದು ಮೇಷ್ಟರ ಕಡೆ ನೋಡಿದಾಗ ಅವರು ಆಚಾರ್ಯರ ಕಡೆ ಕೈ ತೋರಿಸಿದರು. ಆಚಾರ್ಯರು ಆ ಪದವನ್ನು ಮೂರು ಸಲ ಹೇಳಿದರು. ಬಳಿಕ ಅಂಗಳದಲ್ಲಿ ಬಿದ್ದಿದ್ದ ಒಂದು ಕರಿಯ ಕಲ್ಲನ್ನು ತೋರಿಸಿ, ಸುತ್ತಿಗೆಯನ್ನು ಅವಳ ಕೈಗೆ ಕೊಟ್ಟು, ಅದು ಯಾವ ಜಾತಿಯ ಶಿಲೆ ಹೇಳಮ್ಮ ಎಂದರು. ಅವಳು ತಟ್ಟಿ, ಕಿವಿಗೊಟ್ಟು, ಏನೋ ಹೇಳಹೊರಟು ನಿಲ್ಲಿಸಿದಳು.

“ಅವಸರವಿಲ್ಲಮ್ಮ,” ಎಂದರು ಆಚಾರ್ಯರು, “ಇನ್ನೊಂದು ಸಲ ತಟ್ಟು.”