ನೆಡದೆ ಬಿಟ್ಟ ಹತ್ತು ಅಡಿ

ಮಳೆ ನಿಂತ ಮೇಲೆ ಓಡೋಣ ಎನ್ನುವವರು ಕೊಡಗಿನಲ್ಲಿ ಹುಟ್ಟಿದ್ದರೆ ವರ್ಷದಲ್ಲಿ ನಾಲ್ಕು ತಿಂಗಳು ಮನೆಯೊಳಗೇ ಕೂತಿರಬೇಕಾಗುತ್ತಿತ್ತು. ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿರುವ ಮಡಿಕೇರಿಗೆ ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್ ತನಕ ಬಿಡುವ ಮಾತಿಲ್ಲ. ಅಲ್ಲಿಂದ ಮೂವತ್ತು ಕಿಲೋಮೀಟರ್ ಪೂರ್ವಕ್ಕಿಳಿದು ಕುಶಾಲನಗರಕ್ಕೆ ಬಂದರೆ ರಸ್ತೆ ಎಷ್ಟೋ ಸಲ ಒಣಗಿಯೇ ಇರುತ್ತದೆ. ಮಡಿಕೇರಿಯಲ್ಲಾದರೋ ಒಗೆದ ಬಟ್ಟೆ ಮೂರು ದಿನವಾದರೂ ತೇವ ಬಿಡುವುದಿಲ್ಲ. ರಾಜಾಸೀಟಿನಲ್ಲಿ ನಿಂತರೆ ಎದುರಿನ ಕಣಿವೆಯ ಬದಲು ಬರಿಯ ಮಂಜು.

ಕೊಡಗಿನ ಆಟವೆಂದರೆ ನಮಗೆಲ್ಲ ನೆನಪಾಗುವುದು ಹಾಕಿ. 1997ರಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ ದೇಶವೇ ತಿರುಗಿ ನೋಡಿದೆ. ಆದರೆ ಅದು ಬೇಸಿಗೆ ರಜೆಯ ಹಬ್ಬ. ಇದೇ ನಾಡಿನ ಇನ್ನೊಂದು ಆಟ ಸುರಿಯುವ ಮಳೆಯಲ್ಲೇ ನಡೆಯುತ್ತದೆ, ಅದೂ ಯಾರಿಗೂ ಪುರುಸೊತ್ತಿಲ್ಲದ ದಿನಗಳಲ್ಲಿ. ಅದೇ ನಾಟಿ ಓಟ.

ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕಕ್ಕಡ ತಿಂಗಳು ಕೊಡಗಿನ ರೈತನಿಗೆ ವರ್ಷದ ಅತ್ಯಂತ ಬಿಡುವಿಲ್ಲದ ಕಾಲ. ಸಸಿಮಡಿಯಿಂದ ಪೈರು ಕೀಳಬೇಕು, ಕಟ್ಟು ಕಟ್ಟಬೇಕು, ಮೊಣಕಾಲುದ್ದದ ಕೆಸರಿನಲ್ಲಿ ಬೆನ್ನು ಬಗ್ಗಿಸಿ ನೆಡಬೇಕು. ಮಡಿಕೇರಿಯಲ್ಲಿ ಶಾಲೆಯ ಕೆಲಸ ನೋಡುತ್ತಿದ್ದ ಜರ್ಮನ್ ಪಾದ್ರಿ ರಿಕ್ಟರ್, 1870ರಲ್ಲಿ ಹೊರತಂದ ಕೊಡಗಿನ ಕೈಪಿಡಿಯಲ್ಲಿ ಈ ಕೆಲಸದ ನಡುವಿನ ಒಂದು ಪದ್ಧತಿಯನ್ನು ದಾಖಲಿಸಿದ್ದಾರೆ. ಎಲ್ಲಕ್ಕಿಂತ ದೊಡ್ಡ ಗದ್ದೆಯ ನಾಟಿ ಮುಗಿಸುವಾಗ ಉದ್ದಕ್ಕೂ ಸುಮಾರು ಹತ್ತು ಅಡಿ ಅಗಲದ ಜಾಗವನ್ನು ನೆಡದೆ ಬಿಡುತ್ತಿದ್ದರು. ನೆಟ್ಟವರೇ ಅಲ್ಲಿ ಓಟಗಾರರು. ಗೆದ್ದವರಿಗೆ ಬಟ್ಟೆ, ಬಾಳೆಗೊನೆ, ಹಲಸಿನ ಹಣ್ಣು ಬಹುಮಾನ.

ದಿನವಿಡೀ ಮಳೆಯಲ್ಲಿ ನೆನೆದು ಬೆನ್ನು ಬಿದ್ದುಹೋಗಿದ್ದ ಜನ ಕೆಲಸ ಮುಗಿಯುವ ಹೊತ್ತಿಗೆ ಓಡಿದ್ದಾದರೂ ಏಕೆ? ಅವರಲ್ಲಿ ನಮಗಿಲ್ಲದ ಉತ್ಸಾಹವೇನೋ ಇತ್ತು ಎಂದುಕೊಂಡರೆ ತಪ್ಪಾದೀತು. ಅವರಲ್ಲಿ ಇದ್ದದ್ದು ಒಂದು ಏರ್ಪಾಡು. ಓಡುವ ಜಾಗವನ್ನು ಮೊದಲೇ ತೆಗೆದಿಟ್ಟಿದ್ದರು. ಜೊತೆಗೆ ಓಡುವವರಿದ್ದರು, ಬದುವಿನ ಮೇಲೆ ನಿಂತು ಕೂಗುವವರಿದ್ದರು. ಬಟ್ಟೆ ಹೇಗೂ ಒದ್ದೆಯಾಗಿತ್ತು. ಇನ್ನು ಮಳೆಗೆ ಹೆದರುವುದೇನು? ಮುಗಿದ ಮೇಲೆ ಬೆಂಕಿಯೂ ಬಿಸಿ ಊಟವೂ ಕಾದಿರುತ್ತಿದ್ದವು. ಕಕ್ಕಡದ ಹದಿನೆಂಟನೆಯ ದಿನ, ಅಂದರೆ ಆಗಸ್ಟ್ 3ರ ಸುಮಾರಿಗೆ, ಮದ್ದುಸೊಪ್ಪಿನ ಕಡುನೇರಳೆ ಬಣ್ಣದ ರಸದಿಂದ ಪಾಯಸ ಮಾಡುವ ವಾಡಿಕೆ ಇಂದಿಗೂ ಉಳಿದಿದೆ.

ನಮ್ಮ ವಿದ್ಯಾರ್ಥಿಗಳ ವೇಳಾಪಟ್ಟಿಯಲ್ಲಿ ಇಲ್ಲದಿರುವುದು ಆ ಹತ್ತು ಅಡಿ. ಶಾಲೆ, ಟ್ಯೂಷನ್, ಮನೆಗೆಲಸ, ಪರೀಕ್ಷೆ ಎಂದು ಗದ್ದೆಯ ಮೂಲೆಮೂಲೆಗೂ ಪೈರು ನೆಟ್ಟುಬಿಟ್ಟು, ಜಾಗ ಉಳಿದರೆ ಮಗು ಓಡಲಿ ಎನ್ನುತ್ತೇವೆ. ಉಳಿಯುವುದಿಲ್ಲ. ಅದರ ಮೇಲೆ ಒಂದು ಹನಿ ಮಳೆ ಬಿದ್ದರಂತೂ ನೆಪ ಸಿಕ್ಕಿತು. ಬೆಳಗಿನ ಇಪ್ಪತ್ತು ನಿಮಿಷವನ್ನು ಮೊದಲು ಬಿಟ್ಟು ಆಮೇಲೆ ಉಳಿದದ್ದನ್ನು ನೆಟ್ಟರೆ ಓದಿಗೇನೂ ನಷ್ಟವಿಲ್ಲ. ಮನಸ್ಸು ಬಂದ ಮೇಲೆ ಓಡುವುದಲ್ಲ, ಓಡಲು ಶುರುಮಾಡಿದ ಐದು ನಿಮಿಷಕ್ಕೆ ಮನಸ್ಸು ಹಿಂದಿನಿಂದ ಬಂದು ಕೂಡಿಕೊಳ್ಳುತ್ತದೆ.

ಮಳೆಯಲ್ಲಿ ಓಡಿದರೆ ಶೀತವಾಗುತ್ತದಲ್ಲ ಎಂದು ತಾಯಂದಿರು ಕೇಳುತ್ತಾರೆ. ನೆಗಡಿ ಬರುವುದು ವೈರಸ್ಸಿನಿಂದ, ಮಳೆಹನಿಯಿಂದಲ್ಲ. ಓಡುವಾಗ ಸ್ನಾಯುಗಳು ಬಹಳಷ್ಟು ಶಾಖ ಹುಟ್ಟಿಸುತ್ತವೆ. ಮೇ ತಿಂಗಳ ಬಿಸಿಲಿನಲ್ಲಿ ಅದನ್ನು ಹೊರಹಾಕಲು ದೇಹ ಹೆಣಗುತ್ತದೆ; ಮಳೆಯ ತಂಪಿನಲ್ಲಿ ಆ ಕಷ್ಟವಿಲ್ಲ. ಮೈ ತಣ್ಣಗಾಗಿ ನಡುಗುವುದು ನಿಂತ ಮೇಲೆ. ಆದ್ದರಿಂದ ಓಟ ಮುಗಿದೊಡನೆ ಒದ್ದೆ ಬಟ್ಟೆ ಬದಲಿಸಿ ತಲೆ ಒರೆಸಬೇಕು. ಪ್ಲಾಸ್ಟಿಕ್ ರೇನ್‌ಕೋಟ್ ತೊಟ್ಟು ಓಡಿದರೆ ಬೆವರು ಒಳಗೇ ನಿಂತು ಇನ್ನಷ್ಟು ತೊಂದರೆ. ತೆಳುವಾದ ಬಟ್ಟೆ ಸಾಕು. ಒದ್ದೆ ಬೂಟಿನೊಳಗೆ ಹಳೆಯ ಪತ್ರಿಕೆ ತುರುಕಿಟ್ಟರೆ ಬೆಳಗಾಗುವಷ್ಟರಲ್ಲಿ ಬಹಳಷ್ಟು ನೀರು ಹೀರಿಕೊಂಡಿರುತ್ತದೆ. ಓದಿ ಮುಗಿದ ಪುರವಣಿಗೆ ಇದಕ್ಕಿಂತ ಒಳ್ಳೆಯ ಉಪಯೋಗ ಬೇಕೆ?

ಎಲ್ಲ ಮಳೆಯೂ ಓಟದ ಮಳೆಯಲ್ಲ ಎಂಬುದನ್ನೂ ಕೊಡಗೇ ಕಲಿಸುತ್ತದೆ. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತಲಿನ ಗುಡ್ಡಗಳು ಕುಸಿದು ಮನೆ, ತೋಟ, ರಸ್ತೆಗಳೇ ಕೊಚ್ಚಿಹೋದವು. ಅಂಥ ದಿನ ಮನೆಯಲ್ಲಿರುವುದೇ ಜಾಣತನ. ಗುಡುಗು ಕೇಳಿಸಿದರೆ ಬಯಲಿನಲ್ಲಿ ನಿಲ್ಲದೆ ಒಳಗೆ ಬರಬೇಕು. ಗುಡುಗು ಸಿಡಿಲು ಹೆಚ್ಚಾಗಿ ಏಪ್ರಿಲ್, ಮೇ ತಿಂಗಳ ಮಳೆಯ ಸಂಗಾತಿಗಳು. ಜುಲೈನ ಜಡಿಮಳೆಯಲ್ಲಿ ಅವು ಕಡಿಮೆಯಾದರೂ ಗಾಳಿಗೆ ಮರ ಬೀಳುವ ಭಯವುಂಟು. ಮಂಜಿದ್ದಾಗ ತಿಳಿಬಣ್ಣದ ಬಟ್ಟೆ ತೊಟ್ಟು, ಎದುರಿನ ವಾಹನ ಕಾಣುವಂತೆ ರಸ್ತೆಯ ಬಲಬದಿಯಲ್ಲಿ ಓಡಬೇಕು. ಕಾಲಿನಲ್ಲಿ ಗಾಯವಿದ್ದರೆ ಕೆಸರಿಗೆ ಇಳಿಯಬಾರದು. ಇಲಿಜ್ವರದ ರೋಗಾಣು ಅಂಥ ಗಾಯದಿಂದ ಒಳಸೇರಬಹುದು. ಇಷ್ಟು ನೋಡಿಕೊಂಡರೆ ಉಳಿದ ದಿನಗಳು ನಮ್ಮವು. ಎಷ್ಟೇ ಹಿಡಿದ ಮಳೆಯೂ ನಡುವೆ ಸ್ವಲ್ಪ ಹೊಳವು ಕೊಡುತ್ತದೆ.

ಈಗ ನಾಟಿ ಓಟ ಕ್ರೀಡಾಕೂಟದ ರೂಪ ತಾಳಿದೆ. ಮಡಿಕೇರಿ ಸಮೀಪದ ಕಗ್ಗೋಡ್ಲುವಿನ ಗದ್ದೆಯಲ್ಲಿ ಹುಡುಗರು, ಹುಡುಗಿಯರು, ದೊಡ್ಡವರು ಬೇರೆಬೇರೆ ಸಾಲಿನಲ್ಲಿ ಓಡುತ್ತಾರೆ, ಹಗ್ಗಜಗ್ಗಾಟವೂ ಇರುತ್ತದೆ. ಹಿಮ್ಮಡಿ ಊರಿದವನ ಕಾಲು ಕೆಸರಿನಲ್ಲಿ ಹೂತುಕೊಳ್ಳುತ್ತದೆ. ಮೊಣಕಾಲೆತ್ತಿ ಪುಟ್ಟ ಹೆಜ್ಜೆ ಹಾಕಿದವನು ಮುಂದೆ ಹೋಗುತ್ತಾನೆ. ನಡುವೆ ಬೀಳದವರು ಕಡಿಮೆ, ಬಿದ್ದು ಅತ್ತವರು ಇನ್ನೂ ಕಡಿಮೆ.

ಆದರೆ ಕೂಲಿಯಾಳುಗಳ ಅಭಾವದಿಂದ ಕೊಡಗಿನ ಎಷ್ಟೋ ಗದ್ದೆಗಳು ಪಾಳು ಬಿದ್ದಿವೆ, ಕೆಲವು ಶುಂಠಿ, ಕಾಫಿಗೆ ತಿರುಗಿವೆ. ನಾಟಿಯೇ ಇಲ್ಲದಲ್ಲಿ ನಾಟಿ ಓಟವೆಲ್ಲಿಯದು? ವರ್ಷಕ್ಕೊಂದು ಕ್ರೀಡಾಕೂಟದಿಂದ ಆ ಪದ್ಧತಿ ಪೂರ್ತಿ ಉಳಿಯಲಾರದು.

ಮೈಸೂರಿನಿಂದ ಮಡಿಕೇರಿಗೆ ಸುಮಾರು 120 ಕಿಲೋಮೀಟರ್, ಬಸ್ಸುಗಳಿಗೆ ಕೊರತೆಯಿಲ್ಲ. ಕೆಸರುಗದ್ದೆಯ ಆಟಗಳು ಸಾಮಾನ್ಯವಾಗಿ ಜುಲೈ, ಆಗಸ್ಟ್‌ನಲ್ಲಿ ನಡೆಯುತ್ತವೆ. ಹೋಗುವುದಾದರೆ ಮಕ್ಕಳಿಗೆ ಕಾರಿನ ಕಿಟಕಿಯಿಂದ ಮಂಜು ತೋರಿಸಿ ಹಿಂದಕ್ಕೆ ಕರೆತರಬೇಡಿ. ಒಂದು ಜೊತೆ ಒಣಬಟ್ಟೆ, ಒಂದು ಟವೆಲು ಚೀಲದಲ್ಲಿರಲಿ. ಮಗುವಿನೊಡನೆ ಅಪ್ಪ ಅಮ್ಮನೂ ಗದ್ದೆಗಿಳಿದರೆ ಇನ್ನೂ ಚೆನ್ನ.