ಮೆತ್ತನೆಯ ಚಪಾತಿ

ಸ್ಟೆಂಟ್ ಅಂದ ಕೂಡಲೇ ನಮಗೆಲ್ಲ ಹೃದಯವೇ ನೆನಪಾಗೋದು, ಅಲ್ವಾ? ಅನ್ನನಾಳಕ್ಕೂ ಸ್ಟೆಂಟ್ ಹಾಕ್ತಾರೆ ಅಂತ ನನಗೆ ಗೊತ್ತಾಗಿದ್ದು ದಾಂಡೇಲಿ ಹತ್ತಿರದ ಕೋಗಿಲಬನದಲ್ಲಿದ್ದ ನಮ್ಮ ಸೋದರಮಾವನಿಂದ.

ಅವರಿಗೆ ಅನ್ನನಾಳದ ಕ್ಯಾನ್ಸರ್. ಮೊದಲು ರೊಟ್ಟಿ ಇಳಿಯಲಿಲ್ಲ, ಆಮೇಲೆ ಅನ್ನ, ಕೊನೆಗೆ ಗಂಜಿಯೂ ಇಲ್ಲ. ಆಪರೇಶನ್ನಿನ ಹಂತ ದಾಟಿತ್ತು. ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಎಂಡೋಸ್ಕೋಪಿ ಮಾಡಿ ಸ್ಟೆಂಟ್ ಕೂರಿಸಿದರು. ಅದು ನಿಕಲ್-ಟೈಟಾನಿಯಂ ತಂತಿಯಿಂದ ಹೆಣೆದ ಕೊಳವೆ. ಮುದುಡಿಕೊಂಡು ಒಳಗೆ ಹೋಗಿ, ಗಡ್ಡೆ ಇರುವಲ್ಲಿ ಅರಳಿಕೊಳ್ಳುತ್ತೆ. ಎರಡು ದಿನ ಎದೆನೋವು. ಮೂರನೇ ದಿನ ಮಾವ ಚಹಾ ಕುಡಿದು, "ಹಾದಿ ಆತು ನೋಡೋ" ಅಂದರು.

ಡಿಸ್ಚಾರ್ಜ್ ಚೀಟಿಯಲ್ಲಿ ಇಂಗ್ಲಿಷಿನಲ್ಲಿ 'ಸಾಫ್ಟ್ ಡಯಟ್' ಅಂತ ಬರೆದಿದ್ದರು. ಅತ್ತೆಗೆ ಯಾರೋ "ಮೆತ್ತಗಿನ ಊಟ" ಅಂತ ಓದಿ ಹೇಳಿದರು. ಪಾಪ, ಅತ್ತೆ ತುಪ್ಪ ಸವರಿ ಮೆತ್ತನೆಯ ಚಪಾತಿ ಮಾಡಿದರು!

ಅದು ಸಿಕ್ಕಿಕೊಂಡಿತು. ಬಿಸಿನೀರು, ಸೋಡಾ ಯಾವುದಕ್ಕೂ ಜಗ್ಗಲಿಲ್ಲ. ಉಗುಳೂ ಇಳಿಯದೆ ವಾಪಸ್ ಬರತೊಡಗಿತು. ರಾತ್ರೋರಾತ್ರಿ ಹಳಿಯಾಳ, ಧಾರವಾಡ ದಾಟಿ ಮತ್ತೆ ಹುಬ್ಬಳ್ಳಿಗೆ. ಮತ್ತೆ ಎಂಡೋಸ್ಕೋಪಿ ಮಾಡಿ ತುಂಡು ತೆಗೆದರು.

ಆಗ ಒಬ್ಬ ಕಿರಿಯ ಡಾಕ್ಟರು ಕನ್ನಡದಲ್ಲಿ ಬಿಡಿಸಿ ಹೇಳಿದರು. ಅನ್ನನಾಳ ತುತ್ತನ್ನು ಹಿಂಡಿ ಹಿಂಡಿ ಕೆಳಗೆ ತಳ್ಳುತ್ತೆ. ಸ್ಟೆಂಟ್ ಇರುವ ಜಾಗ ಹಿಂಡೋದಿಲ್ಲ, ಸುಮ್ಮನೆ ತೆರೆದಿರುತ್ತೆ. ಆದ್ದರಿಂದ ಚಪಾತಿ, ಬ್ರೆಡ್, ನಾರಿನ ಸೊಪ್ಪು, ಮಾಂಸದ ತುಂಡು ಬೇಡ. ಮಿದ್ದ ಅನ್ನ-ಸಾರು, ರಾಗಿ ಅಂಬಲಿ ಆಗಬಹುದು. ಊಟ ನೆಟ್ಟಗೆ ಕೂತೇ ಮಾಡಬೇಕು, ನಡುನಡುವೆ ಬೆಚ್ಚಗಿನ ನೀರು ಗುಟುಕರಿಸಬೇಕು. ಮಾವನ ಸ್ಟೆಂಟ್ ಹೊಟ್ಟೆಯ ಬಾಯಿಯನ್ನೇ ದಾಟಿತ್ತು. ಹಾಗಿದ್ದರೆ ಆಮ್ಲ ಮೇಲೆ ಬರುತ್ತೆ. ಅದಕ್ಕೆ ಮಾತ್ರೆ, ಜೊತೆಗೆ ಮಂಚದ ತಲೆಭಾಗ ಎತ್ತರಿಸಬೇಕು. ಕೊಳವೆ ಜಾರಬಹುದು, ಗಡ್ಡೆ ಬೆಳೆದು ಮತ್ತೆ ಮುಚ್ಚಬಹುದು. ಆಗ ಇನ್ನೊಂದು ಸ್ಟೆಂಟ್ ಹಾಕಬೇಕಾಗಬಹುದು. ರಕ್ತ ವಾಂತಿಯಾದರೆ, ಮಲ ಡಾಂಬರಿನಂತೆ ಕಪ್ಪಾದರೆ, ಜ್ವರ ಬಂದರೆ, ನೀರು ಕುಡಿದಾಗಲೆಲ್ಲ ಕೆಮ್ಮು ಬಂದರೆ ತಡಮಾಡದೆ ಆಸ್ಪತ್ರೆಗೆ ಬರಬೇಕು.

ಹತ್ತು ನಿಮಿಷದ ಮಾತು ಅಷ್ಟೇ. ಇದನ್ನೇ ಮೊದಲ ದಿನ ಅಡುಗೆ ಮಾಡುವವರನ್ನು ಕೂರಿಸಿಕೊಂಡು, ಅವರ ಭಾಷೆಯಲ್ಲಿ ಯಾರಾದರೂ ಹೇಳಿದ್ದರೆ? ನಮ್ಮ ಊರುಗಳಿಂದ ದೊಡ್ಡಾಸ್ಪತ್ರೆ ದೂರ. ಅಲ್ಲಿಂದ ಹೊರಡುವ ಮುಂಚೆ ಕೇಳಲೇಬೇಕಾದ ಪ್ರಶ್ನೆ, "ಏನು ತಿನ್ನಬಾರದು?" ಅನ್ನೋದು. ನಿಮ್ಮವರಿಗೆ ಯಾರಿಗಾದರೂ ಇಂಥ ಸ್ಟೆಂಟ್ ಹಾಕಿಸಿದ್ದರೆ ದಯವಿಟ್ಟು ಕೇಳಿಕೊಂಡು ಬನ್ನಿ.

ಮಾವ ಆಮೇಲೆ ಐದು ತಿಂಗಳು ಇದ್ದರು. ಅತ್ತೆ ದಿನಾ ಅನ್ನ ಮಿದ್ದು, ಸಾರು ಸೋಸಿ ಬಡಿಸುತ್ತಿದ್ದರು. ಮಾವ ಎಲ್ಲರ ಜೊತೆ ಕೂತೇ ಉಂಡರು.