ಒಂದು ಹೊಸ ಸ್ವೆಟರು

ಚಳಿಗಾಲದಲ್ಲಿ ಹಂಡೆ ಒಲೆಗೆ ಸೌದೆ ತಳ್ಳುತ್ತಾ ಕೂತರೆ ನನಗೆ 1971ರ ನವೆಂಬರು ನೆನಪಾಗುತ್ತದೆ. ಆಗ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಎಂ.ಎ. ಓದುತ್ತಿದ್ದೆ. ಮಾರ್ಚ್ 25ರ ರಾತ್ರಿ ಢಾಕಾದಲ್ಲಿ ಸೇನೆ ಜನರ ಮೇಲೆ ಮುಗಿಬಿದ್ದಾಗಿನಿಂದ ಪೂರ್ವ ಪಾಕಿಸ್ತಾನದವರು ಗಡಿ ದಾಟಿ ಬರುತ್ತಲೇ ಇದ್ದರು. ಒಂದು ಸಂಜೆ ನಮ್ಮ ಮೇಷ್ಟ್ರು ಸಭೆ ಕರೆದರು. ಪತ್ರಿಕೆಗಳಿಂದ ಕತ್ತರಿಸಿದ ಚಿತ್ರಗಳನ್ನು ಗೋಡೆಗೆ ಅಂಟಿಸಿದ್ದೆವು. ಕಲ್ಕತ್ತೆಯ ಸಾಲ್ಟ್ ಲೇಕ್‌ನಲ್ಲಿ ಚರಂಡಿಗೆಂದು ತಂದಿಟ್ಟ ಸಿಮೆಂಟು ಕೊಳವೆಗಳೊಳಗೆ ಸಂಸಾರಗಳು. ಒಂದು ಕೊಳವೆಯ ಬಾಯಲ್ಲಿ ಸೀರೆ ಒಣಗಹಾಕಿದ್ದರು.

"ಒಂದು ಕೋಟಿ ಅಂದ್ರೆ ಎಷ್ಟು ಗೊತ್ತೇನ್ರಯ್ಯಾ?" ಅಂದರು ಮೇಷ್ಟ್ರು. "ನಮ್ಮ ಇಡೀ ಮೈಸೂರು ರಾಜ್ಯದಲ್ಲಿ ಇರೋದೇ ಹತ್ತಿರ ಹತ್ತಿರ ಮೂರು ಕೋಟಿ. ಮೂರು ಮನೆಗೊಂದು ಮನೆ ಎದ್ದು ಹೊರಟಿದೆ ಅಂದ್ಕೊಳ್ಳಿ."

ಅವರ ಭಾಷಣದಲ್ಲಿ ನನಗೆ ಉಳಿದದ್ದು ಇಷ್ಟೇ. ಮಿಕ್ಕವರು ಮಾತಾಡಿದ್ದು ಬಹಳ, ಹೇಳಿದ್ದು ಕಡಿಮೆ.

ಮರುದಿನ ಹಾಸ್ಟೆಲಿನ ಬೆಡ್‌ಶೀಟೊಂದನ್ನು ನಾಲ್ಕು ಮೂಲೆಗೆ ನಾಲ್ವರು ಹಿಡಿದು ಸಯ್ಯಾಜಿರಾವ್ ರಸ್ತೆಯಲ್ಲಿ ಹೊರಟೆವು. ಹಿಂದೆ ಹಳೇ ಬಟ್ಟೆಯ ಮೂಟೆ. ಎಲೆಯಡಿಕೆಯವನು ನಾಲ್ಕಾಣೆ ಎಸೆದ. ಜವಳಿ ಅಂಗಡಿಯ ಸಾಹುಕಾರರು ಮಾತ್ರ ಕೈ ಆಡಿಸಿ, "ಆಗಲೇ ಕಾಗದಕ್ಕೊಂದೊಂದು ಐದು ಪೈಸೆ ಕಟ್ತಾ ಇದೀವಲ್ಲಪ್ಪ" ಅಂದರು. ಸುಳ್ಳಲ್ಲ, ಅದೇ ತಿಂಗಳ 15ರಿಂದ ನಿರಾಶ್ರಿತರ ಪರಿಹಾರಕ್ಕೆಂದು ಐದು ಪೈಸೆಯ ಹೆಚ್ಚುವರಿ ಸ್ಟಾಂಪು ಬಂದಿತ್ತು. ಹೊಸದು ಅಚ್ಚಾಗುವ ತನಕ ಕಾಯಲಾರದೆ, ಕುಟುಂಬ ಯೋಜನೆಯ ಹಳೇ ಸ್ಟಾಂಪಿನ ಮೇಲೆಯೇ ಆ ಮಾತು ಒತ್ತಿಬಿಟ್ಟಿದ್ದರು! ನಗುವ ಚಿಕ್ಕ ಸಂಸಾರದ ಮೇಲೆ ನಿರಾಶ್ರಿತರ ಮುದ್ರೆ.

ದೇವರಾಜ ಮಾರುಕಟ್ಟೆಯ ಹತ್ತಿರ ಫುಟ್‌ಪಾತಿನಲ್ಲಿ ಟಿಬೆಟಿನ ಹೆಂಗಸೊಬ್ಬಳು ಸ್ವೆಟರು ಹರವಿಕೊಂಡು ಕೂತಿದ್ದಳು. ಬೈಲಕುಪ್ಪೆಯಲ್ಲಿ ಆ ಜನ ಕಾಡು ಕಡಿದು ನೆಲೆ ನಿಂತು ಹತ್ತು ವರ್ಷವಾಗಿತ್ತಷ್ಟೆ. ಇವಳನ್ನೇನು ಕೇಳುವುದು ಎಂದು ನಾವು ದಾಟಿ ಹೋಗುತ್ತಿದ್ದೆವು. ಅವಳೇ ಕರೆದಳು. "ಯಾರಿಗೆ?"

ನಮ್ಮಲ್ಲೊಬ್ಬ ಅರ್ಧ ಕನ್ನಡ, ಅರ್ಧ ಕೈಸನ್ನೆಯಲ್ಲಿ ವಿವರಿಸಿದ. ಅವಳು ರಾಶಿಯಲ್ಲಿ ಕೈಯಾಡಿಸಿ, ಒಂದನ್ನು ಬಿಟ್ಟು ಒಂದನ್ನು ಎತ್ತಿ, ಕೊನೆಗೆ ಕೆಂಪಂಚಿನ ಕಂದು ಸ್ವೆಟರೊಂದನ್ನು ಮಡಿಸಿ ಬೆಡ್‌ಶೀಟಿಗೆ ಹಾಕಿದಳು. ಚಿಕ್ಕ ಮಕ್ಕಳದ್ದು. ಬಂಗಾಳಕ್ಕೆ ಉಣ್ಣೆ ಯಾಕಮ್ಮ, ಅಲ್ಲಿ ಸೆಕೆ ಅಂದುಬಿಟ್ಟೆ ನಾನು. ದೊಡ್ಡ ಭೂಗೋಳ ಪಂಡಿತ!

"ಟೆಂಟಲ್ಲಿ ನೆಲ ಚಳಿ," ಅಂದಳು. ಅಂಗೈಯನ್ನು ಕಲ್ಲುಹಾಸಿಗೆ ಒತ್ತಿ ತೋರಿಸಿದಳು.

ರಾತ್ರಿ ಪಟ್ಟಿ ಬರೆಯುವ ಕೆಲಸ ನನ್ನದು. ಹಳೇ ಪಂಚೆ, ಹಳೇ ಲಂಗ, ಹಳೇ ಅಂಗಿ ಅಂತ ಬರೆಯುತ್ತಾ ಹೋದವನು "ಹೊಸ ಸ್ವೆಟರು – 1" ಎಂದು ಬರೆದು ನಿಂತೆ. ಕೊಟ್ಟವರ ಹೆಸರಿನ ಕಲಮು ಖಾಲಿ. ಬೆಳಗ್ಗೆ ಎದ್ದವನೇ ಕೇಳಿಕೊಂಡು ಬರೋಣ ಅಂತ ಮಾರುಕಟ್ಟೆಗೆ ಹೋದೆ. ಅವಳಿಗೆ ನನ್ನ ಗುರುತು ಹತ್ತಲಿಲ್ಲ. ಹೆಸರೇನಮ್ಮ ಅನ್ನುವಷ್ಟರಲ್ಲಿ ನನ್ನ ಅಳತೆಯದೊಂದು ಎತ್ತಿ ಎದೆಗೆ ಹಿಡಿದು ನೋಡಿ, "ಇಪ್ಪತ್ತು ರೂಪಾಯಿ. ಚೌಕಾಸಿ ಇಲ್ಲ" ಅಂದಳು.